ಗರ್ಭಕೋಶದೊಳಗಿನ ಪಾಲಿಪ್: ತೆಗೆಯಬೇಕಾದದ್ದು ಗಡ್ಡೆಯನ್ನೋ, ಗರ್ಭಚೀಲವನ್ನೋ?

ಪ್ರಶ್ನೆ: ನನಗೆ 43 ವರ್ಷ, ಸೇಡಂ ತಾಲ್ಲೂಕಿನ ಹಳ್ಳಿಯವಳು. ಇಬ್ಬರು ಮಕ್ಕಳು. ಎರಡನೆಯ ಹೆರಿಗೆಯಾದ ಮೇಲೆ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದೇನೆ. ಎಂಟು ತಿಂಗಳಿಂದ ಮುಟ್ಟು ಎಂಟು-ಹತ್ತು ದಿನ ಹೋಗುತ್ತಿದೆ, ನಡುನಡುವೆಯೂ ಕಲೆ ಕಾಣುತ್ತದೆ. ರಕ್ತ 8.4 ಇದೆಯಂತೆ, ನಾಲ್ಕು ಹೆಜ್ಜೆ ಹಾಕಿದರೆ ದಮ್ಮು ಹತ್ತುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದೊಳಗೆ 1.4 ಸೆಂ.ಮೀ. ಪಾಲಿಪ್ ಇದೆ, ಗರ್ಭಕೋಶ 'ಬಲ್ಕಿ' ಆಗಿದೆ ಎಂದು ಬರೆದಿದ್ದಾರೆ. ತೋರಿಸಿದ ದವಾಖಾನೆಯಲ್ಲಿ, 'ಮಕ್ಕಳಾಗಿವೆ, ಇನ್ನು ಇಟ್ಟುಕೊಂಡು ಏನು ಮಾಡುತ್ತೀರಿ, ಮುಂದೆ ಕ್ಯಾನ್ಸರ್ ಆದೀತು, ಚೀಲ ತೆಗೆಸಿಬಿಡಿ' ಎಂದರು. ನನ್ನ ನೆಗೆಣ್ಣಿ 35ನೇ ವಯಸ್ಸಿಗೇ ತೆಗೆಸಿದ್ದಾಳೆ, ಆಗಿನಿಂದ ಮೈಯೆಲ್ಲ ಬಿಸಿಯಾಗುವುದು, ಕೀಲುನೋವು ಎಂದು ಒದ್ದಾಡುತ್ತಾಳೆ. ಅಕ್ಕ, 'ಬರೀ ಸಾಫ್ ಮಾಡಿಸಿದರೆ ಸಾಕು' ಎನ್ನುತ್ತಾಳೆ. ಗುಳಿಗೆಯಿಂದ ಕರಗಿಸಲು ಬರುವುದಿಲ್ಲವೇ? ತೊಗರಿ ರಾಶಿ ಮುಗಿಯುವವರೆಗೆ ತಡೆದರೆ ನಡೆಯುತ್ತದೆಯೇ? ನಮ್ಮ ಅತ್ತೆಗೂ ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಹೋದ ತಿಂಗಳು ಸ್ವಲ್ಪ ಕಲೆ ಕಂಡು ನಿಂತುಹೋಯಿತು. ಇದು ಮನೆತನದಲ್ಲಿ ಬರುವ ಕಾಯಿಲೆಯೇ?

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಎರಡು ಭಯಗಳು. ಚೀಲ ಉಳಿಸಿಕೊಂಡರೆ ಕ್ಯಾನ್ಸರ್ ಆದೀತೆಂಬುದು ಒಂದು, ತೆಗೆಸಿದರೆ ನೆಗೆಣ್ಣಿಯ ಹಾಗೆ ನರಳಬೇಕಾದೀತೆಂಬುದು ಇನ್ನೊಂದು. ಈ ಎರಡರ ನಡುವೆ, ಸದ್ಯ ನಿಮಗೆ ನಿಜವಾಗಿ ಅಪಾಯ ಮಾಡುತ್ತಿರುವ ರಕ್ತಹೀನತೆಗೆ ಯಾರೂ ಮದ್ದು ಕೊಟ್ಟಂತೆ ಕಾಣುವುದಿಲ್ಲ. ನಿಮ್ಮನ್ನು ಪರೀಕ್ಷಿಸದೆ ಕೊನೆಯ ಮಾತು ಹೇಳಲಾರೆ. ಆದರೆ ನೀವು ಬರೆದಿರುವಷ್ಟು ವಿವರದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಈ ಪಾಲಿಪ್ ಒಂದಕ್ಕಾಗಿ ಗರ್ಭಕೋಶವನ್ನೇ ತೆಗೆಸುವ ಅಗತ್ಯವಿಲ್ಲ. ಮೊದಲು ರಕ್ತ ಏರಬೇಕು, ಆಮೇಲೆ ದುರ್ಬೀನಿನಿಂದ ಗರ್ಭಕೋಶದ ಒಳಗನ್ನು ನೋಡುತ್ತ ಪಾಲಿಪ್ ಒಂದನ್ನೇ ತೆಗೆಯಬೇಕು, ತೆಗೆದ ತುಣುಕು ತಪ್ಪದೆ ಪೆಥಾಲಜಿ ಪರೀಕ್ಷೆಗೆ ಹೋಗಬೇಕು. ಮುಂದಿನದ್ದನ್ನು ಆ ವರದಿ ನಿರ್ಧರಿಸಲಿ.

ಗರ್ಭಕೋಶದ ಒಳಗೋಡೆಯ ಮೇಲೆ ಎಂಡೊಮೆಟ್ರಿಯಂ ಎಂಬ ತೆಳುವಾದ ಪದರವಿರುತ್ತದೆ. ತಿಂಗಳು ತಿಂಗಳು ಬೆಳೆದು, ಮುಟ್ಟಿನಲ್ಲಿ ಕಳಚಿ ಹೋಗುವುದು ಇದೇ. ಕೆಲವರಲ್ಲಿ ಈ ಪದರದ ಒಂದು ಭಾಗ ಮಾತ್ರ ಅಳತೆ ಮೀರಿ ಬೆಳೆದು, ತನ್ನದೇ ರಕ್ತನಾಳವನ್ನು ಪಡೆದುಕೊಂಡು, ತೊಟ್ಟಿನ ಮೇಲೋ ಅಗಲವಾದ ಬುಡದ ಮೇಲೋ ಒಳಗೆ ಚಾಚಿಕೊಳ್ಳುತ್ತದೆ. ಅದೇ ಪಾಲಿಪ್. ಅದು ಕೆಲವು ಮಿಲಿಮೀಟರ್‌ನಿಂದ ಕೆಲವು ಸೆಂಟಿಮೀಟರ್‌ವರೆಗೆ ಇರಬಹುದು. ನಿಮ್ಮದು ಒಂದು ದೊಡ್ಡ ಶೇಂಗಾ ಕಾಳಿನಷ್ಟು. ಮುಟ್ಟಿನ ನಡುವೆ ಕಲೆ ಕಾಣುವುದು, ಮುಟ್ಟು ಹೆಚ್ಚು ದಿನ ಹೋಗುವುದು ಇದರ ಸಾಮಾನ್ಯ ಲಕ್ಷಣಗಳು. ನಮ್ಮ ಕಡೆ ಪಾಲಿಪ್ ಮತ್ತು ಫೈಬ್ರಾಯ್ಡ್ ಎರಡನ್ನೂ 'ಗಡ್ಡೆ' ಎಂದೇ ಕರೆಯುವುದರಿಂದ ಒಬ್ಬರ ಕಾಯಿಲೆಯ ಚಿಕಿತ್ಸೆ ಇನ್ನೊಬ್ಬರಿಗೆ ಸಲಹೆಯಾಗಿ ಬರುತ್ತದೆ. ಫೈಬ್ರಾಯ್ಡ್ ಹುಟ್ಟುವುದು ಗರ್ಭಕೋಶದ ಸ್ನಾಯುವಿನಿಂದ. ಅದರ ಸ್ವಭಾವವೂ ಚಿಕಿತ್ಸೆಯೂ ಬೇರೆ. ನಿಮ್ಮ ನೆಗೆಣ್ಣಿಗೆ ಏನಿತ್ತು ಎಂಬುದು ಅವರ ಹಳೆಯ ಕಾಗದಪತ್ರ ನೋಡದೆ ತಿಳಿಯುವಂತಿಲ್ಲ.

ಸ್ಕ್ಯಾನ್ ವರದಿಯ 'ಬಲ್ಕಿ' ಎಂಬ ಪದ ಅನೇಕರ ನಿದ್ದೆಗೆಡಿಸುತ್ತದೆ. ಹೆರಿಗೆಯಾದ ಹೆಂಗಸಿನ ಗರ್ಭಕೋಶ ಹೆರಿಗೆಯಾಗದವರದ್ದಕ್ಕಿಂತ ಸ್ವಲ್ಪ ದೊಡ್ಡದಾಗಿರುವುದು ಸಹಜ. ಅದೊಂದೇ ಪದ ಕಾಯಿಲೆಯೂ ಅಲ್ಲ, ಶಸ್ತ್ರಚಿಕಿತ್ಸೆಗೆ ಕಾರಣವೂ ಅಲ್ಲ. ವರದಿಯಲ್ಲಿ ನೋಡಬೇಕಾದದ್ದು ಬೇರೆ ಇದೆ: ಒಳಪದರದ ದಪ್ಪ ಎಷ್ಟು ಮಿಲಿಮೀಟರ್, ಪಾಲಿಪ್ ಎಲ್ಲಿದೆ, ಅದರೊಳಗೆ ಹೋಗುವ ರಕ್ತನಾಳ ಡಾಪ್ಲರ್‌ನಲ್ಲಿ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಕಂಡಿದೆಯೇ, ಅಂಡಾಶಯಗಳು ಸರಿಯಾಗಿವೆಯೇ, ಸ್ಕ್ಯಾನ್ ಮಾಡಿದ್ದು ಮುಟ್ಟಿನ ಎಷ್ಟನೆಯ ದಿನ. ಮುಟ್ಟಿಗೆ ನಾಲ್ಕು ದಿನ ಮುಂಚೆ ಮಾಡಿದ ಸ್ಕ್ಯಾನ್‌ನಲ್ಲಿ ಒಳಪದರ ಸಹಜವಾಗಿಯೇ ದಪ್ಪಗಿರುತ್ತದೆ, ಆಗ ಇಲ್ಲದ ಪಾಲಿಪ್ ಇದ್ದಂತೆಯೂ ಇದ್ದದ್ದು ಇಲ್ಲದಂತೆಯೂ ತೋರಬಹುದು. ಮುಟ್ಟು ಆರಂಭವಾಗಿ ಹತ್ತು ದಿನಗಳೊಳಗೆ, ರಕ್ತ ನಿಂತ ಕೂಡಲೇ, ಕೆಳಗಿನಿಂದ ಮಾಡುವ ಸ್ಕ್ಯಾನ್ ಹೆಚ್ಚು ನಂಬಲರ್ಹ. ಹೊಟ್ಟೆಯ ಮೇಲಿನಿಂದಷ್ಟೇ ನೋಡಿದ್ದರೆ ಒಮ್ಮೆ ಹೀಗೆ ಮಾಡಿಸಿ.

ಪಾಲಿಪ್ ಏಕೆ ಬರುತ್ತದೆ ಎಂಬುದಕ್ಕೆ ಒಂದೇ ಕಾರಣ ತೋರಿಸಲಾಗದು. ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವಕ್ಕೆ ಒಳಪದರದ ಒಂದು ಭಾಗ ಹೆಚ್ಚಾಗಿ ಸ್ಪಂದಿಸುವುದು ಮುಖ್ಯವೆಂದು ತಿಳಿದಿದೆ. ಅದಕ್ಕಾಗಿಯೇ ನಲವತ್ತರ ನಂತರ, ಅಂಡಾಣು ಬಿಡುಗಡೆ ಏರುಪೇರಾಗುವ ಕಾಲದಲ್ಲಿ, ಇದು ಹೆಚ್ಚು ಕಾಣಿಸುತ್ತದೆ. ಬೊಜ್ಜು, ರಕ್ತದೊತ್ತಡ ಇದ್ದವರಲ್ಲಿ ಮತ್ತು ಸ್ತನ ಕ್ಯಾನ್ಸರ್‌ಗೆ ಟಾಮಾಕ್ಸಿಫೆನ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಹೆಚ್ಚು. ಅಂಥವರು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ನಮ್ಮ ಭಾಗದ ಬಿಸಿಲಿಗೆ 'ಉಷ್ಣ' ಏರಿ ಬಂತು, ಮಕ್ಕಳಾಗದ ಆಪರೇಷನ್ ಮಾಡಿಸಿದ್ದಕ್ಕೆ ಕೆಟ್ಟ ರಕ್ತ ಒಳಗೆ ಕಟ್ಟಿ ಗಡ್ಡೆಯಾಯಿತು ಎಂಬ ಮಾತುಗಳನ್ನು ನನ್ನ ಹೊರರೋಗಿ ವಿಭಾಗದಲ್ಲಿ ಆಗಾಗ ಕೇಳುತ್ತೇನೆ. ಆ ಆಪರೇಷನ್‌ನಲ್ಲಿ ಮುಚ್ಚುವುದು ಗರ್ಭನಾಳಗಳನ್ನು. ಗರ್ಭಕೋಶದ ಒಳಪದರಕ್ಕೆ ಅದು ಕೈಹಚ್ಚುವುದೇ ಇಲ್ಲ. ನೀವು ಏನೋ ತಪ್ಪು ಮಾಡಿದ್ದರಿಂದ, ಏನೋ ತಿಂದದ್ದರಿಂದ ಇದು ಬಂದಿಲ್ಲ.

ಈಗ ಕ್ಯಾನ್ಸರ್ ವಿಷಯ. ಗರ್ಭಕೋಶದ ಪಾಲಿಪ್‌ಗಳಲ್ಲಿ ಬಹುಪಾಲು ನಿರಪಾಯಕಾರಿ. ಮುಟ್ಟು ಇನ್ನೂ ನಡೆಯುತ್ತಿರುವ ಹೆಂಗಸರಲ್ಲಿ, ತೆಗೆದ ನೂರು ಪಾಲಿಪ್‌ಗಳಲ್ಲಿ ಒಂದೆರಡರಲ್ಲಿ ಮಾತ್ರ ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿ ಸಿಗುತ್ತದೆ. ಮುಟ್ಟು ನಿಂತವರಲ್ಲಿ ಈ ಪ್ರಮಾಣ ನೂರಕ್ಕೆ ಐದರ ಆಸುಪಾಸು, ರಕ್ತ ಕಾಣಿಸಿಕೊಂಡಿದ್ದರೆ ಇನ್ನೂ ಹೆಚ್ಚು. ಆದ್ದರಿಂದ 'ಪಾಲಿಪ್ ಇದ್ದರೆ ಕ್ಯಾನ್ಸರ್ ಆಗಿಯೇ ಆಗುತ್ತದೆ' ಎನ್ನುವುದು ಸುಳ್ಳು, 'ಏನೂ ಆಗುವುದಿಲ್ಲ, ಸುಮ್ಮನಿರಿ' ಎನ್ನುವುದೂ ಸರಿಯಲ್ಲ. ಕ್ಯಾನ್ಸರ್ ಇಲ್ಲವೆಂದು ಸ್ಕ್ಯಾನ್ ಚಿತ್ರ ಖಚಿತವಾಗಿ ಹೇಳಲಾರದು, ಸೂಕ್ಷ್ಮದರ್ಶಕದಡಿ ನೋಡಿದ ತುಣುಕು ಮಾತ್ರ ಹೇಳಬಲ್ಲದು. ಇನ್ನೊಂದು ವಿಷಯ: ನಮ್ಮ ಜಿಲ್ಲೆಗಳಲ್ಲಿ ಹೆಂಗಸರು ಹೆದರುವ 'ಚೀಲದ ಕ್ಯಾನ್ಸರ್' ಬಹುಮಟ್ಟಿಗೆ ಗರ್ಭಕಂಠದ್ದು. ಅದು ಬರುವುದು ಎಚ್‌ಪಿವಿ ವೈರಾಣುವಿನಿಂದ, ಪಾಲಿಪ್‌ನಿಂದಲ್ಲ. ಅದಕ್ಕೆ ಪ್ಯಾಪ್ ಸ್ಮಿಯರ್ ಅಥವಾ ಎಚ್‌ಪಿವಿ ಪರೀಕ್ಷೆ ಬೇರೆಯೇ ಇದೆ, ಹೇಗೂ ಹೋಗುವಾಗ ಮಾಡಿಸಿಕೊಂಡು ಬನ್ನಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ನೀವು ಕೊನೆಗೆ, ಹೋಗುವ ಮಾತಿನಂತೆ ಬರೆದ ಅತ್ತೆಯವರ ವಿಷಯ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಪರೀಕ್ಷಿಸಲೇಬೇಕು. ತಾನಾಗಿ ನಿಂತಿತು ಎಂಬುದು ಸಮಾಧಾನಪಡುವ ಮಾತಲ್ಲ. ಪರೀಕ್ಷಿಸಿದಾಗ ಹೆಚ್ಚಿನವರಲ್ಲಿ ಒಳಪದರ ಒಣಗಿ ತೆಳುವಾದದ್ದೋ, ಸಣ್ಣ ಪಾಲಿಪ್ಪೋ ಸಿಗುತ್ತದೆ. ಆದರೂ ಗರ್ಭಕೋಶದ ಕ್ಯಾನ್ಸರ್ ಮೊದಲು ಮುಖ ತೋರಿಸುವುದು ಹೀಗೆಯೇ, ಆ ಹಂತದಲ್ಲಿ ಹಿಡಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಕೆಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಒಳಪದರ 4 ಮಿ.ಮೀ.ಗಿಂತ ದಪ್ಪವಿದ್ದರೆ, ಅಥವಾ ರಕ್ತ ಮತ್ತೆ ಕಂಡರೆ, ತುಣುಕು ಪರೀಕ್ಷೆ ಬೇಕು. ನಿಮ್ಮದಕ್ಕೆ ಕೆಲವು ವಾರ ಕಾಯಬಹುದು, ಅವರದ್ದಕ್ಕೆ ಕಾಯಬೇಡಿ. ಇದೇ ವಾರ ಕರೆದುಕೊಂಡು ಹೋಗಿ. ಸಾಮಾನ್ಯ ಪಾಲಿಪ್ ಮನೆತನದಲ್ಲಿ ಹರಿದು ಬರುವ ಕಾಯಿಲೆಯಲ್ಲ, ಅವರು ನಿಮ್ಮ ರಕ್ತಸಂಬಂಧಿಯೂ ಅಲ್ಲ. ಆದರೆ ನಿಮ್ಮ ತವರಿನಲ್ಲಿ ತಾಯಿಗೋ ಅಕ್ಕತಂಗಿಯರಿಗೋ ಗರ್ಭಕೋಶದ ಅಥವಾ ಕರುಳಿನ ಕ್ಯಾನ್ಸರ್ ಆಗಿದ್ದರೆ ಅದನ್ನು ವೈದ್ಯರಿಗೆ ಹೇಳಿ.

ಚಿಕಿತ್ಸೆಯ ದಾರಿಗಳಿಗೆ ಬರೋಣ. ಏನೂ ಮಾಡದೆ ಕಾದು ನೋಡುವುದೂ ಒಂದು ದಾರಿಯೇ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಾದ, ಯಾವ ತೊಂದರೆಯನ್ನೂ ಕೊಡದ ಪಾಲಿಪ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು, ಒಂದು ವರ್ಷದೊಳಗೆ ತಾನಾಗಿಯೇ ಇಲ್ಲವಾಗುತ್ತದೆ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ತಾಗಿ ಕಂಡ ಅಂಥ ಪಾಲಿಪ್‌ಗೆ ನಾನೂ ಆರು ತಿಂಗಳ ನಂತರ ಮತ್ತೊಮ್ಮೆ ನೋಡೋಣ ಎಂದೇ ಹೇಳುತ್ತೇನೆ. ನಿಮ್ಮದು ಒಂದು ಸೆಂಟಿಮೀಟರ್ ದಾಟಿದೆ, ರಕ್ತವನ್ನೂ ಕಳೆಯುತ್ತಿದೆ, ಆದ್ದರಿಂದ ಈ ದಾರಿ ನಿಮಗಲ್ಲ.

ಗುಳಿಗೆಯ ಬಗ್ಗೆ ನೇರವಾಗಿ ಹೇಳುತ್ತೇನೆ: ಪಾಲಿಪ್ ಕರಗಿಸುವುದೆಂದು ಭರವಸೆಯಿಡಬಹುದಾದ ಔಷಧ ಇಲ್ಲ, ಅದು ಅಲೋಪಥಿಯಿರಲಿ, ನಾಟಿ ಔಷಧವಿರಲಿ. ಪ್ರೊಜೆಸ್ಟಿರಾನ್ ಜಾತಿಯ ಗುಳಿಗೆಗಳು ಕೆಲವು ವಾರ ರಕ್ತ ನಿಲ್ಲಿಸಬಲ್ಲವು, ಮುಟ್ಟಿನ ದಿನಗಳಲ್ಲಿ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಸ್ರಾವದ ಪ್ರಮಾಣ ಇಳಿಸಬಲ್ಲದು. ಇವು ಶಸ್ತ್ರಚಿಕಿತ್ಸೆಯ ದಿನದವರೆಗೆ ನಿಮ್ಮನ್ನು ಕಾಯುವ ಔಷಧಗಳು. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಇವು ಅಪಾಯಕಾರಿಯಾಗಬಹುದಾದ್ದರಿಂದ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ನುಂಗಬಾರದು. ತಿಂಗಳುಗಟ್ಟಲೆ ಬರೀ ಗುಳಿಗೆಯ ಮೇಲೆ ಕಳೆದರೆ ಪಾಲಿಪ್ ಇದ್ದಲ್ಲೇ ಇರುತ್ತದೆ, ಅದರೊಳಗೆ ಏನಿದೆ ಎಂಬುದೂ ತಿಳಿಯದೆ ಉಳಿಯುತ್ತದೆ.

ನಿಮ್ಮ ಅಕ್ಕ ಹೇಳುವ 'ಸಾಫ್ ಮಾಡಿಸುವುದು' ಎಂದರೆ ಡಿ ಅಂಡ್ ಸಿ, ಕ್ಯೂರೆಟಿಂಗ್. ಇದರಲ್ಲಿ ವೈದ್ಯರು ಒಳಗನ್ನು ನೋಡುವುದಿಲ್ಲ, ಕೈಯಂದಾಜಿನಲ್ಲಿ ಒಳಪದರವನ್ನು ಕೆರೆಯುತ್ತಾರೆ. ತೊಟ್ಟಿನ ಮೇಲೆ ಅಲುಗಾಡುವ ಪಾಲಿಪ್ ಉಪಕರಣದ ಬಾಯಿಗೆ ಸಿಗದೆ ಪಕ್ಕಕ್ಕೆ ಸರಿಯುತ್ತದೆ ಅಥವಾ ಅರ್ಧ ಹರಿದು ಬುಡ ಅಲ್ಲೇ ಉಳಿಯುತ್ತದೆ. ಎರಡು ಬಾರಿ ಸಾಫ್ ಮಾಡಿಸಿದರೂ ರಕ್ತ ನಿಲ್ಲಲಿಲ್ಲ ಎಂದು ಬಂದವರ ಗರ್ಭಕೋಶದಲ್ಲಿ ಪಾಲಿಪ್ ಹಾಗೆಯೇ ನೇತಾಡುತ್ತಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಹಾಗೆ ಉಳಿದಾಗ, 'ಎಲ್ಲ ಮಾಡಿ ನೋಡಿದೆವು, ಇನ್ನು ಚೀಲ ತೆಗೆಯುವುದೊಂದೇ ಉಳಿದಿದೆ' ಎಂಬ ತೀರ್ಮಾನಕ್ಕೆ ಜನ ಬರುತ್ತಾರೆ. ನನಗೆ ನೋವಾಗುವುದು ಇಲ್ಲಿ. ಪಾಲಿಪ್ ಇದೆಯೆಂದು ಗೊತ್ತಿದ್ದಾಗ ಕುರುಡಾಗಿ ಕೆರೆಯುವುದನ್ನು ಇಂದು ಸರಿಯಾದ ಚಿಕಿತ್ಸೆ ಎಂದು ಪರಿಗಣಿಸುವುದಿಲ್ಲ.

ಸರಿಯಾದದ್ದು ಹಿಸ್ಟರೋಸ್ಕೋಪಿ. ಹೊಟ್ಟೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ. ಯೋನಿಮಾರ್ಗದಿಂದಲೇ ಕೆಲವು ಮಿಲಿಮೀಟರ್ ದಪ್ಪದ ದುರ್ಬೀನನ್ನು ಒಳಬಿಟ್ಟು, ಸಲೈನ್ ಹರಿಸಿ ಗರ್ಭಕೋಶವನ್ನು ಸ್ವಲ್ಪ ಉಬ್ಬಿಸಿ, ಪರದೆಯ ಮೇಲೆ ನೋಡುತ್ತ ಪಾಲಿಪ್‌ನ ತೊಟ್ಟನ್ನು ಬುಡದಲ್ಲೇ ಸಣ್ಣ ಕತ್ತರಿಯಿಂದಲೋ ವಿದ್ಯುತ್ ಲೂಪ್‌ನಿಂದಲೋ ಕತ್ತರಿಸಿ ಹೊರತೆಗೆಯುತ್ತಾರೆ. ನಿಮ್ಮದರಷ್ಟು ಗಾತ್ರಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ. ಅಲ್ಪಕಾಲದ ಅರಿವಳಿಕೆ ಅಥವಾ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ಬಹುತೇಕರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಮುಟ್ಟು ನಿಂತ ಮರುದಿನಗಳಲ್ಲಿ ಮಾಡಿಸುವುದು ಒಳ್ಳೆಯದು, ಆಗ ಒಳಪದರ ತೆಳುವಾಗಿದ್ದು ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಅಪಾಯಗಳು ಇಲ್ಲವೆಂದಲ್ಲ. ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ ಉಪಕರಣ ಗರ್ಭಕೋಶದ ಗೋಡೆಯನ್ನು ತೂರಬಹುದು, ರಕ್ತಸ್ರಾವ ಅಥವಾ ಸೋಂಕು ಆಗಬಹುದು, ಒಳಗೆ ಹರಿಸಿದ ದ್ರವ ಅತಿಯಾಗಿ ರಕ್ತಕ್ಕೆ ಸೇರಿದರೆ ಉಸಿರಾಟಕ್ಕೆ ತೊಂದರೆಯಾಗಬಹುದು. ಅದಕ್ಕಾಗಿಯೇ ಎಷ್ಟು ದ್ರವ ಒಳಹೋಯಿತು, ಎಷ್ಟು ಹೊರಬಂತು ಎಂದು ಆಪರೇಷನ್ ಥಿಯೇಟರ್‌ನಲ್ಲಿ ಲೆಕ್ಕ ಇಡುತ್ತಾರೆ. ಮನೆಗೆ ಹೋದ ಮೇಲೆ ಒಂದೆರಡು ವಾರ ಸ್ವಲ್ಪ ಕಲೆ ಕಾಣುವುದು ಸಹಜ. ಜ್ವರ, ದುರ್ವಾಸನೆಯ ಸ್ರಾವ, ತಡೆಯಲಾರದ ಹೊಟ್ಟೆನೋವು ಬಂದರೆ ಮಾತ್ರ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಬರಬೇಕು.

ಪಾಲಿಪ್ ತೆಗೆದ ಮೇಲೆ ಮತ್ತೆ ಬರಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬರಬಹುದು, ಒಂದಕ್ಕಿಂತ ಹೆಚ್ಚು ಪಾಲಿಪ್ ಇದ್ದವರಲ್ಲಿ ಆ ಸಾಧ್ಯತೆ ಹೆಚ್ಚು. ನಿಮ್ಮಂತೆ ಮುಟ್ಟೂ ಅತಿಯಾಗಿದ್ದರೆ, ಅದೇ ಹೊತ್ತಿನಲ್ಲಿ ಮಿರೇನಾ ಎಂಬ ಹಾರ್ಮೋನ್ ಇರುವ ಸಾಧನವನ್ನು ಗರ್ಭಕೋಶದೊಳಗೆ ಇಡಿಸಿಕೊಳ್ಳುವುದನ್ನು ಯೋಚಿಸಬಹುದು. ಅದು ವಂಕಿಯ (ಕಾಪರ್-ಟಿ) ಆಕಾರದ್ದೇ, ಆದರೆ ಐದು ವರ್ಷ ಸ್ವಲ್ಪಸ್ವಲ್ಪವೇ ಪ್ರೊಜೆಸ್ಟಿರಾನ್ ಜಾತಿಯ ಹಾರ್ಮೋನ್ ಬಿಡುತ್ತ ಒಳಪದರವನ್ನು ತೆಳುವಾಗಿ ಇಡುತ್ತದೆ. ಮುಟ್ಟಿನ ಸ್ರಾವ ಬಹಳ ಕಡಿಮೆಯಾಗುತ್ತದೆ, ಪಾಲಿಪ್ ಮರಳುವುದೂ ಕಡಿಮೆಯಾಗುತ್ತದೆ. ಮೊದಲ ಮೂರರಿಂದ ಆರು ತಿಂಗಳು ಆಗಾಗ ಕಲೆ ಕಾಣುವುದುಂಟು. ಈ ಮಾತನ್ನು ಮೊದಲೇ ಹೇಳದಿದ್ದರೆ ಹೆದರಿ ತೆಗೆಸಿಬಿಡುತ್ತಾರೆ.

ಗರ್ಭಕೋಶವನ್ನೇ ತೆಗೆಯುವ ಹಿಸ್ಟರೆಕ್ಟಮಿಯನ್ನು ನಾನು ವಿರೋಧಿಸುವವನಲ್ಲ. ತುಣುಕು ಪರೀಕ್ಷೆಯಲ್ಲಿ ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿ ಸಿಕ್ಕರೆ, ದೊಡ್ಡ ಫೈಬ್ರಾಯ್ಡ್‌ಗಳಿದ್ದು ಉಳಿದ ಚಿಕಿತ್ಸೆಗಳೆಲ್ಲ ಸೋತರೆ, ಅದು ಜೀವ ಉಳಿಸುವ, ಬದುಕನ್ನು ಸುಧಾರಿಸುವ ಶಸ್ತ್ರಚಿಕಿತ್ಸೆ. ಆದರೆ 'ಮಕ್ಕಳಾಗಿವೆ, ಇನ್ನೇಕೆ' ಎಂಬುದು ವೈದ್ಯಕೀಯ ಕಾರಣವಲ್ಲ. ಅದು ದೊಡ್ಡ ಆಪರೇಷನ್. ರಕ್ತಸ್ರಾವ, ಸೋಂಕು, ಮೂತ್ರಕೋಶ ಅಥವಾ ಮೂತ್ರನಾಳಕ್ಕೆ ಪೆಟ್ಟು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಸುಮಾರು ಆರು ವಾರ ಭಾರ ಎತ್ತದ ವಿಶ್ರಾಂತಿ, ಇವೆಲ್ಲ ಅದರ ಜೊತೆಗಿವೆ. ಅಂಡಾಶಯ ಉಳಿಸಿದರೂ ಅವು ಕೆಲವರಲ್ಲಿ ಒಂದೆರಡು ವರ್ಷ ಮುಂಚೆಯೇ ಕೆಲಸ ನಿಲ್ಲಿಸುತ್ತವೆ. ಅಂಡಾಶಯವನ್ನೂ ತೆಗೆದರೆ ಮುಪ್ಪಿನ ಬದಲಾವಣೆಗಳು ಒಮ್ಮೆಲೇ ಬಂದು ಬೀಳುತ್ತವೆ: ಮೈ ಬಿಸಿಯಾಗಿ ಬೆವರುವುದು, ನಿದ್ದೆ ಬಾರದಿರುವುದು, ಎಲುಬು ಸವೆಯುವುದು, ಹೃದಯರೋಗದ ಅಪಾಯ ಹೆಚ್ಚುವುದು. ನಿಮ್ಮ ನೆಗೆಣ್ಣಿಯ ತೊಂದರೆ ಇದೇ ಇರಬಹುದು. ಅವರ ಡಿಸ್ಚಾರ್ಜ್ ಕಾರ್ಡ್ ಸಿಕ್ಕರೆ ಅಂಡಾಶಯ ತೆಗೆದಿದ್ದಾರೆಯೇ ನೋಡಿ, ಅವರನ್ನೂ ಒಮ್ಮೆ ತಜ್ಞರಿಗೆ ತೋರಿಸಿ. ಅವರ ಬಾಧೆಗೆ ಚಿಕಿತ್ಸೆ ಇದೆ.

ಈ ಎಚ್ಚರಿಕೆಯನ್ನು ನಮ್ಮ ಜಿಲ್ಲೆಯಲ್ಲಿ ಕುಳಿತು ಹೇಳಲು ಬೇರೆಯೇ ಕಾರಣವಿದೆ. 2015ರ ಆಸುಪಾಸಿನಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ನಡೆದ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಬಗ್ಗೆ ಸರ್ಕಾರ ತನಿಖೆ ಮಾಡಿಸಬೇಕಾಯಿತು. ಅವುಗಳಿಗೆ ಒಳಗಾದವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಬಡ ಹೆಣ್ಣುಮಕ್ಕಳಾಗಿದ್ದರು, ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರೂ ಅವರಲ್ಲಿದ್ದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಹಿಸ್ಟರೆಕ್ಟಮಿ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ಹೀಗಿರುವಾಗ ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದು ಮೊದಲನೆಯವರಿಗೆ ಮಾಡುವ ಅವಮಾನವಲ್ಲ. ಅದು ನಿಮ್ಮ ಹಕ್ಕು, ಸಂಕೋಚ ಬೇಡ.

ತೊಗರಿ ರಾಶಿಯವರೆಗೆ ತಡೆಯಬಹುದೇ ಎಂದು ಕೇಳಿದ್ದೀರಿ. ನಾಲ್ಕರಿಂದ ಆರು ವಾರ ತಡೆಯಬಹುದು, ಆದರೆ ಆ ವಾರಗಳಲ್ಲಿ ಸುಮ್ಮನಿರುವಂತಿಲ್ಲ. ನಿಮ್ಮ ಹಿಮೋಗ್ಲೋಬಿನ್ 12 ಇರಬೇಕಾದ್ದು 8.4 ಇದೆ. ಅದನ್ನು ಏರಿಸಲು ವೈದ್ಯರನ್ನು ಕೇಳಿ ಕಬ್ಬಿಣಾಂಶದ ಗುಳಿಗೆ ಶುರುಮಾಡಿ, ಆದರೆ ಅದನ್ನು ಚಹಾದೊಂದಿಗೆ ತೆಗೆದುಕೊಳ್ಳಬೇಡಿ. ನಮ್ಮ ಕಡೆ ಎದ್ದ ಕೂಡಲೇ, ಊಟವಾದ ಕೂಡಲೇ ಚಹಾ ಕುಡಿಯುವ ರೂಢಿ ಇರುವುದರಿಂದ ಅರ್ಧ ಔಷಧ ವ್ಯರ್ಥವಾಗುತ್ತದೆ. ಗುಳಿಗೆಗೂ ಚಹಾಕ್ಕೂ ಎರಡು ಗಂಟೆಯ ಅಂತರವಿರಲಿ, ನಿಂಬೆರಸದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಗುಳಿಗೆ ಹೊಟ್ಟೆಗೆ ಒಗ್ಗದಿದ್ದರೆ ಅಥವಾ ಸಮಯ ಕಡಿಮೆಯಿದ್ದರೆ ಕಬ್ಬಿಣಾಂಶವನ್ನು ಸಲೈನ್ ಮೂಲಕವೂ ಏರಿಸಬಹುದು. ಈ ನಡುವೆ ಗಂಟೆಗೊಂದು ಪ್ಯಾಡ್ ನೆನೆಯುವಂತಾದರೆ, ತಲೆ ಸುತ್ತಿ ಬಿದ್ದರೆ, ರಾಶಿಯ ಕೆಲಸ ಬಿಟ್ಟು ತಕ್ಷಣ ಆಸ್ಪತ್ರೆ ಸೇರಿ. ಪಾಲಿಪ್ ತೆಗೆಸಿದ ಮೇಲೆ ಮನೆಗೆಲಸಕ್ಕೆ ಎರಡು-ಮೂರು ದಿನ, ಹೊಲದ ಕೆಲಸಕ್ಕೆ ಒಂದು ವಾರ ಬಿಡುವು ಸಾಕು.

ಎಲ್ಲಿಗೆ ಹೋಗಬೇಕೆಂದರೆ, ಮೊದಲು ಕಲಬುರಗಿಯ ಜಿಮ್ಸ್ ಅಥವಾ ನಗರದ ಬೇರೆ ವೈದ್ಯಕೀಯ ಕಾಲೇಜಿನ ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಿ. ಬೀದರಿನವರು ಬ್ರಿಮ್ಸ್‌ನಲ್ಲಿ, ಯಾದಗಿರಿಯವರು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಕೇಳಬಹುದು. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುವ ಮೊದಲು, 'ಪಾಲಿಪ್ ಅನ್ನು ದುರ್ಬೀನಿನಲ್ಲಿ ನೋಡುತ್ತಲೇ ತೆಗೆಯುತ್ತೀರಾ?' ಎಂಬ ಒಂದು ಪ್ರಶ್ನೆಯನ್ನು ಇಲ್ಲಿ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ, ಕಾರ್ಡ್ ಜೊತೆಗಿಟ್ಟುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ.

ಆಪರೇಷನ್ ದಿನ ಮನೆಯವರೊಬ್ಬರು ಒಂದು ಕೆಲಸ ನೋಡಿಕೊಳ್ಳಬೇಕು. ತೆಗೆದದ್ದನ್ನು ಟ್ರೇಯಲ್ಲಿಟ್ಟು ಹೊರಗೆ ತಂದು ತೋರಿಸುತ್ತಾರೆ, ನೋಡಿದವರು ಸಮಾಧಾನಪಟ್ಟು ಹೋಗಿಬಿಡುತ್ತಾರೆ, ತುಣುಕು ಅಲ್ಲಿಗೇ ಮುಗಿಯುತ್ತದೆ. ಹಾಗಾಗಬಾರದು. ಅದು ಫಾರ್ಮಲಿನ್ ತುಂಬಿದ ಡಬ್ಬಿಗೆ ಹೋಗಬೇಕು, ಡಬ್ಬಿಯ ಮೇಲೆ ನಿಮ್ಮ ಹೆಸರು, ವಯಸ್ಸು, ದಿನಾಂಕ ಇರಬೇಕು. ಲ್ಯಾಬಿಗೆ ಒಯ್ಯಲು ನಿಮ್ಮವರ ಕೈಗೇ ಕೊಟ್ಟರೆ ಅದೇ ದಿನ ಮುಟ್ಟಿಸಿ ಚೀಟಿ ಪಡೆಯಬೇಕು. ನೀರಿನಲ್ಲಿ ಹಾಕಿಟ್ಟರೆ ಕೆಟ್ಟು, ಪರೀಕ್ಷೆಗೆ ಬಾರದಂತಾಗುತ್ತದೆ. ವರದಿಯಲ್ಲಿ 'ಬಿನೈನ್ ಎಂಡೊಮೆಟ್ರಿಯಲ್ ಪಾಲಿಪ್' (ನಿರಪಾಯಕಾರಿ ಪಾಲಿಪ್) ಎಂದಿದ್ದರೆ ಬೇರೆ ಚಿಕಿತ್ಸೆ ಬೇಕಿಲ್ಲ, ಮುಟ್ಟು ಹಳಿಗೆ ಬಂದಿದೆಯೇ ಎಂದು ಮೂರು ತಿಂಗಳು ಗಮನಿಸಿದರೆ ಸಾಕು. 'ಹೈಪರ್‌ಪ್ಲೇಸಿಯಾ' (ಒಳಪದರ ಅತಿಯಾಗಿ ಬೆಳೆದಿರುವುದು) ಇದ್ದು 'ಅಟಿಪಿಯಾ' (ಜೀವಕೋಶಗಳ ರೂಪ ಕೆಟ್ಟಿರುವುದು) ಇಲ್ಲವೆಂದಿದ್ದರೆ ಪ್ರೊಜೆಸ್ಟಿರಾನ್ ಅಥವಾ ಮಿರೇನಾ ಕೊಟ್ಟು, ಸುಮಾರು ಆರು ತಿಂಗಳಿಗೆ ಮತ್ತೊಮ್ಮೆ ತುಣುಕು ಪರೀಕ್ಷಿಸುತ್ತಾರೆ. 'ಅಟಿಪಿಯಾ' ಇದೆ ಎಂದು ಬಂದರೆ ಮಾತ್ರ ನಿಮ್ಮ ವಯಸ್ಸಿನಲ್ಲಿ, ಮಕ್ಕಳ ಆಸೆ ಮುಗಿದಿರುವಾಗ, ಗರ್ಭಕೋಶ ತೆಗೆಯುವ ಮಾತು ಬರುತ್ತದೆ, ಆಗ ನಾನೂ ಅದನ್ನೇ ಹೇಳುತ್ತೇನೆ. ಆ ವರದಿಯ ಒಂದು ಪ್ರತಿಯನ್ನು ಸ್ಕ್ಯಾನ್ ಕಾಗದದ ಜೊತೆ ಜೋಪಾನವಾಗಿ ಇಟ್ಟುಕೊಳ್ಳಿ. ಐದು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೂ ನಿಮ್ಮನ್ನು ನೋಡುವ ವೈದ್ಯರು ಮೊದಲು ಕೇಳುವುದು ಅದನ್ನೇ.